ತುಕ್ಕು ಕೆರೆಯುವ ಮುನ್ನ: ಮೈಸೂರಿನ ಕಬ್ಬಿಣದ ರಾಕೆಟ್

ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಿಕ್ಕವು. ಇಂಥವನ್ನು ಉಜ್ಜಿ ಫಳಫಳ ಹೊಳೆಯಿಸಬಾರದು. ಬಿದಿರು, ಕಾಗದ ತಾಳದ ಒತ್ತಡವನ್ನು ಕಬ್ಬಿಣದ ಕೊಳವೆ ತಾಳಿದ್ದರಿಂದಲೇ ಅವು ದೂರ ಹಾರಿದವು. ತಗಡು ಸುತ್ತಿದ ಅಂಚು, ಸುತ್ತಿಗೆಯ ಗುರುತು, ಒಳಗೆ ಗಟ್ಟಿಯಾದ ಮದ್ದು, ಆ ಕೊಳವೆ ಮಾಡಿದ ಕಸುಬಿನ ಸಾಕ್ಷ್ಯವೆಲ್ಲ ತುಕ್ಕಿನ ಪದರದಲ್ಲೇ ಅಂಟಿಕೊಂಡಿರುತ್ತದೆ. ಮರಳುಕಾಗದ ಅದನ್ನೂ ಕೆರೆದುಹಾಕುತ್ತದೆ.

ತುಕ್ಕನ್ನು ಹಾಗೇ ಬಿಟ್ಟರೆ ಅದು ಲೋಹವನ್ನೇ ತಿನ್ನುವುದಿಲ್ಲವೇ ಎಂಬ ಆತಂಕ ನ್ಯಾಯವಾದದ್ದೇ. ಆದರೆ ತುಕ್ಕು ಬೆಳೆಯುವುದು ತೇವ, ಉಪ್ಪಿನಂಶದಿಂದ. ಸಡಿಲ ಪುಡಿಯನ್ನಷ್ಟೇ ಮೆತ್ತನೆಯ ಬ್ರಷ್‌ನಿಂದ ತೆಗೆದು, ಒಣಗಿಸಿ, ತೆಳ್ಳಗೆ ಮೇಣ ಸವರಿದರೆ ಅದರ ವೇಗ ತಗ್ಗುತ್ತದೆ. ಮದ್ದು ಉಳಿದಿರುವ ಕೊಳವೆಯನ್ನು ಮಾತ್ರ ಸ್ಫೋಟಕ ತಜ್ಞರು ನೋಡುವವರೆಗೆ ಯಾರೂ ಮುಟ್ಟಬಾರದು.