ನೆಲಸಂಪಿಗೆಯ ನೆಪದಲ್ಲಿ

ಶ್ರೀರಂಗಪಟ್ಟಣದ ಚರಿತ್ರೆಯೆಂದರೆ ನಮಗೆ ಕೋಟೆ, ಫಿರಂಗಿ, ಮುತ್ತಿಗೆಗಳ ಚರಿತ್ರೆ. 1792, 1799 ಎಂಬ ಇಸವಿಗಳನ್ನು ಶಾಲೆಯ ಹುಡುಗರೂ ಒಪ್ಪಿಸಬಲ್ಲರು. ಆದರೆ ಆ ದ್ವೀಪದಲ್ಲಿ ಕೋಟೆಯಷ್ಟೇ ಶ್ರದ್ಧೆಯಿಂದ ಬೆಳೆಸಿದ ತೋಟಗಳೂ ಇದ್ದುವು. ಅವಕ್ಕೂ ಒಂದು ಚರಿತ್ರೆಯುಂಟು. ಕೋಟೆಯ ಚರಿತ್ರೆ ಮುಗಿದುಹೋಯಿತು. ತೋಟದ ಚರಿತ್ರೆ ಇನ್ನೂ ನಡೆದಿದೆ. ಅದು ನಮ್ಮ ನಿಮ್ಮ ಹಿತ್ತಲವರೆಗೂ ಬಂದಿದೆ. ಮಾವಿನ ಮರದ ನೆರಳಲ್ಲಿ ಹುಲ್ಲು ಹತ್ತದ ಬರಿನೆಲಕ್ಕೆ ಬಣ್ಣದ ಹೊದಿಕೆಯಾಗಿ ಏನನ್ನು ನೆಡಬೇಕು ಎಂಬ ಸಣ್ಣ ಪ್ರಶ್ನೆಯನ್ನು ಆ ಚರಿತ್ರೆಯ ಬೆಳಕಿನಲ್ಲಿ ನೋಡುವುದು ನನ್ನ ಉದ್ದೇಶ. ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆಂದು ಯಾರಾದರೂ ಕೇಳಿಯಾರು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನಕ್ರೀಡೆಯೂ ಒಂದೆಂದು ವರ್ಷವರ್ಷವೂ ಪಾಠ ಹೇಳುವವರು ನಾವೇ ಅಲ್ಲವೆ?

ಗಿಡಮರಗಳ ಶಾಸ್ತ್ರ ಕನ್ನಡಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ದೇವಾಲಯಗಳಿಗೆ ಹೂದೋಟವನ್ನು ದತ್ತಿ ಬಿಟ್ಟ ಸಂಗತಿ ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ತೋಟದ ಹೂವು ದೇವರ ಮುಡಿಗೆ ಸಲ್ಲತಕ್ಕದ್ದು. ಆದುದರಿಂದ ಯಾವ ಗಿಡ ಎಲ್ಲಿರಬೇಕು, ಎಷ್ಟಿರಬೇಕು ಎಂಬ ಲೆಕ್ಕ ಅಲ್ಲಿ ಸಹಜವಾಗಿಯೇ ಇತ್ತು. ಮರದ ಬುಡವನ್ನಂತೂ ನಮ್ಮ ಹಿರಿಯರು ಗುಡಿಸಿ, ನೀರು ಚಿಮುಕಿಸಿ ಚೊಕ್ಕಟವಾಗಿಟ್ಟರು. ನೆರಳಿನ ನೆಲವನ್ನೂ ಬಣ್ಣದ ಎಲೆಗಳಿಂದ ಮುಚ್ಚಬೇಕೆಂಬ ಹಂಬಲ ಈಚಿನದು.

ಹೈದರ್ ಅಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗಿಗೆ ಮೊದಲಿಟ್ಟನು. ಶ್ರೀರಂಗಪಟ್ಟಣದ ಪೂರ್ವದ ತುದಿಯಲ್ಲಿ, ಗಂಜಾಮಿನ ಆಚೆ, ಗುಂಬಜಿನ ಸುತ್ತ ಇನ್ನೊಂದು ಲಾಲ್‌ಬಾಗ್ ಬೆಳೆಯಿತು. 1784ರಲ್ಲಿ ಕಾವೇರಿಯ ದಡದಲ್ಲಿ ದರಿಯಾ ದೌಲತ್ ಎದ್ದಿತು. 1788ರಲ್ಲಿ ಪ್ಯಾರಿಸ್ಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯಿಂದ ಬಯಸಿದ್ದು ಬರಿಯ ಸೈನ್ಯದ ನೆರವನ್ನಲ್ಲ. ಬೀಜ, ಸಸಿ, ತೋಟಗಾರರನ್ನೂ ಬಯಸಿದರು. ಯುದ್ಧದ ಮಾತಿನ ನಡುವೆಯೂ ಒಂದು ಸಸಿಯ ಮಾತಿಗೆ ಎಡೆಯಿತ್ತೆಂಬುದು ನನಗೆ ಬಹು ಪ್ರಿಯವಾದ ಸಂಗತಿ.

ಆ ಲಾಲ್‌ಬಾಗಿನ ಗತಿಯೇನಾಯಿತು? 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ದ್ವೀಪದೊಳಕ್ಕೆ ನುಗ್ಗಿತು. ಆ ದಂಡಿನಲ್ಲಿದ್ದ ಮೇಜರ್ ಡೈರೋಮ್ ಮರುವರ್ಷ ಪ್ರಕಟಿಸಿದ ವೃತ್ತಾಂತದಲ್ಲಿ ಇದರ ವಿವರವಿದೆ. ಸಾಲುಸಾಲಾಗಿ ನಿಂತಿದ್ದ ಸೈಪ್ರೆಸ್ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಹೊರೆ ಕಟ್ಟಿದರು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ವರ್ಷಗಟ್ಟಲೆ ಬೆಳೆದದ್ದು ದಿನಗಳಲ್ಲಿ ನೆಲಸಮವಾಯಿತು.

ಆ ಕಾಲದ ತೋಟದ ಒಳಕಟ್ಟನ್ನು ತಿಳಿಯಲು 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ನೆರವಾಗುತ್ತಾನೆ. ಬೆಂಗಳೂರಿನ ತೋಟವನ್ನು ಕಂಡು ಆತ ಬರೆದಿರುವಂತೆ, ನೆಲವನ್ನು ಚೌಕಗಳಾಗಿ ವಿಂಗಡಿಸಿ ನಡುವೆ ಕಾಲುದಾರಿ ಬಿಟ್ಟಿದ್ದರು. ಒಂದೊಂದು ಬಗೆಯ ಗಿಡಕ್ಕೂ ಅದರದೇ ಆದ ಮಡಿ. ದೂರದೇಶದ ಗಿಡಕ್ಕೂ ಅಲ್ಲಿ ಸ್ವಾಗತವಿತ್ತು, ಆದರೆ ಅದು ತನ್ನ ಮಡಿಯೊಳಗೆ ಇರಬೇಕಾಗಿತ್ತು.

ಮುಂದಿನ ಕಾಲದಲ್ಲಿ ಸಡಿಲವಾದದ್ದು ಈ ಎಲ್ಲೆಯೇ. ಅಮೆರಿಕದ ಉಷ್ಣಪ್ರದೇಶದ ಲಂಟಾನ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದಿತು. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಕೆಂಪು; ಯಾರಿಗೆ ಬೇಡ? ಬೇಲಿಗೂ ಒದಗಿತು. ಹಣ್ಣನ್ನು ಹಕ್ಕಿಗಳು ತಿಂದುವು, ಬೀಜ ಬೇಲಿ ದಾಟಿತು. ಇಂದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟದ ತಪ್ಪಲಲ್ಲಾಗಲಿ, ಕೃಷ್ಣರಾಜಪೇಟೆಯ ಕಡೆಯ ನಾರಾಯಣದುರ್ಗದ ಕುರುಚಲು ಕಾಡಿನಲ್ಲಾಗಲಿ, ನಾಗಮಂಗಲದ ಬೋಳುಗುಡ್ಡಗಳಲ್ಲಾಗಲಿ ಲಂಟಾನವನ್ನು ತೋರಿಸಿಕೊಡಲು ಸಸ್ಯಶಾಸ್ತ್ರಜ್ಞರು ಬೇಕಿಲ್ಲ. ಅದರ ಪೊದೆಯಡಿ ದನ ಮೇಯುವ ಹುಲ್ಲು ಏಳುವುದಿಲ್ಲ. ಸೈನ್ಯ ಕಡಿದ ಮರವನ್ನು ಮತ್ತೆ ನೆಡಬಹುದು; ಬೇಲಿ ದಾಟಿದ ಹೂವನ್ನು ಹಿಂದಕ್ಕೆ ಕರೆಯುವುದು ಹೇಗೆ?

ಈಗ ನರ್ಸರಿಗಳಲ್ಲಿ 'ನೆರಳಿಗೆ ಏನಾದರೂ ಕೊಡಿ' ಎಂದರೆ ಕೈಗೆ ಬರುವುದು ಬಹುಮಟ್ಟಿಗೆ ಹಳದಿ ಹೂವಿನ ವೆಡೇಲಿಯ ಅಥವಾ ನೇರಳೆ ಬೆಳ್ಳಿ ಪಟ್ಟೆಯ ಜೀಬ್ರಾ ಬಳ್ಳಿ. ಎರಡೂ ಅಮೆರಿಕದ ಕಡೆಯವು. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ಕತ್ತರಿಸಿ ಎಸೆದ ತುಂಡಿನಿಂದಲೂ ಚಿಗುರುವುದು ಎರಡರ ಗುಣ. ಜಗತ್ತಿನ ಅತ್ಯಂತ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಪ್ರಸಿದ್ಧ ಪಟ್ಟಿಯಲ್ಲಿ ಲಂಟಾನದ ಜೊತೆಗೆ ವೆಡೇಲಿಯದ ಹೆಸರೂ ಇದೆ. ತೇವ ಸಿಕ್ಕಲ್ಲಿ ನಿಲ್ಲದೆ ಹಬ್ಬುವ ಇಂಥ ಬಳ್ಳಿಯನ್ನು ಕನ್ನಂಬಾಡಿಯ ನಾಲೆಗಳು ಹರಿಯುವ ಸೀಮೆಯಲ್ಲಿ ನೆಡುವುದು, ಕತ್ತರಿಸಿದ ಕಸವನ್ನು ನಾಲೆಯ ಏರಿಗೆ ಚೆಲ್ಲುವುದು ಎಂಥ ವಿವೇಕ? ಆ ತೇವದ ನೆಲದಲ್ಲಿ ಒಂದೆಲಗ ತಾನೇ ಬೆಳೆಯುತ್ತದೆ. ನಮ್ಮ ಹೆಣ್ಣುಮಕ್ಕಳು ಅದನ್ನು ಕಿತ್ತು ತಂದು ಚಟ್ನಿ ಅರೆಯುತ್ತಾರೆ, ತಂಬುಳಿ ಮಾಡುತ್ತಾರೆ. ವೆಡೇಲಿಯ ಹಾಸಿಕೊಂಡರೆ ಕಳೆದುಹೋಗುವುದು ಬರಿಯ ಒಂದು ಸೊಪ್ಪಲ್ಲ, ಒಂದು ಅಡಿಗೆ, ಒಂದು ಮಾತು.

ಹಾಗಾದರೆ ನೆರಳಿಗೆ ಬಣ್ಣವೇ ಬೇಡವೆ? ಬೇಕು, ಅದಕ್ಕೆ ನನ್ನ ಮತ ನೆಲಸಂಪಿಗೆಗೆ. ಇದು ಸಂಪಿಗೆಯ ಜಾತಿಯಲ್ಲ, ಶುಂಠಿಯ ಬಳಗ. ಸಂಸ್ಕೃತದಲ್ಲಿ ಭೂಮಿಚಂಪಕ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಹನ್ನೆರಡು ಸಂಪುಟಗಳ 'ಹೋರ್ಟಸ್ ಮಲಬಾರಿಕಸ್'ನಲ್ಲೂ ಮಲಯಾಳದ ಹೆಸರಿನೊಡನೆ ಇದರ ಚಿತ್ರವಿದೆ. ಅಂದರೆ ಈ ನಾಡಿಗೆ ಇದರ ಪರಿಚಯ ನಿನ್ನೆ ಮೊನ್ನೆಯದಲ್ಲ. ಬೇಸಗೆಯ ಮೊದಲ ಮಳೆ ಬೀಳುತ್ತಲೂ ಎಲೆಗಿಂತ ಮುಂಚೆ ಹೂವು ಬರಿಮಣ್ಣಿನಿಂದಲೇ ಮೂಡುತ್ತದೆ: ಬಿಳಿಯ ದಳ, ತಿಳಿನೇರಳೆಯ ತುಟಿ, ಇಂಪಾದ ಕಂಪು. ಆಮೇಲೆ ಎಲೆ, ಮೇಲೆ ಹಸುರಿನಲ್ಲಿ ಬೆಳ್ಳಿಯ ಮಚ್ಚೆ, ಕೆಳಗೆ ನೇರಳೆ. ಮಳೆಗಾಲವೆಲ್ಲ ನೆರಳಿನ ನೆಲ ಚಿತ್ತಾರದ ಜಮಖಾನದಂತೆ ಕಾಣುತ್ತದೆ. ಗೆಡ್ಡೆಯನ್ನು ಎರಡಂಗುಲ ಆಳಕ್ಕೆ, ಅಡಿಗೊಂದರಂತೆ, ಎಲೆಗೊಬ್ಬರ ಬೆರೆಸಿದ ನೀರು ನಿಲ್ಲದ ಮಣ್ಣಿನಲ್ಲಿ ಇಟ್ಟರೆ ಸಾಕು. ಅದು ಹೆಚ್ಚುವುದು ಬುಡದಲ್ಲಿಯೇ, ಮೆಲ್ಲಗೆ. ಹೆಚ್ಚಾದುದನ್ನು ಅಗೆದು ನೆರೆಮನೆಗೆ ಕೊಡಬಹುದು.

ಇದಕ್ಕೊಂದು ಕೊರತೆಯುಂಟೆಂದು ಹೇಳದಿದ್ದರೆ ಅಪಚಾರವಾದೀತು. ಮಾಗಿಯ ಹೊತ್ತಿಗೆ ಎಲೆ ಒಣಗಿ ಗೆಡ್ಡೆ ನಿದ್ದೆಹೋಗುತ್ತದೆ. ಆಗ ನೀರೆರೆದರೆ ಕೊಳೆತೀತು. ಕೆಲವು ತಿಂಗಳು ನೆಲ ಬರಿದಾಗಿರುತ್ತದೆ. ವರ್ಷವಿಡೀ ಹಸುರು ಬೇಕೆನ್ನುವವರಿಗೆ ಇದು ಸಹನೆಯಾಗದು. ವೆಡೇಲಿಯ ಮಾರಾಟವಾಗುವುದು ಆ ಅಸಹನೆಯಿಂದಲೇ. ಆದರೆ ಬರಿನೆಲ ಅವಮಾನವೇನಲ್ಲ. ಗುಡಿಸಿ ನೀರು ಚಿಮುಕಿಸಿದ ಮರದ ನೆರಳಲ್ಲಿ ಕುಳಿತು ತಲೆಮಾರುಗಳು ಮಾತಾಡಿಕೊಂಡಿವೆ. ಹೂವಿಗಾಗಿ ಮಳೆಯವರೆಗೆ ಕಾಯಬಲ್ಲವನ ತೋಟ ಊರಿಗೆ ಹೊರೆಯಾಗುವುದಿಲ್ಲ.