ಕೊನೆಗೆ ನಮ್ಮತ್ತ ತಿರುಗಿದ ಹುಡುಗರು

ಹಳೆಯ ಕನ್ನಡ ಸಿನಿಮಾಗಳ ಕೊನೆಗೆ ಪರದೆ ಮೇಲೆ ‘ಶುಭಂ’ ಎಂದು ಬರುತ್ತಿತ್ತು. ಜನ ಚಪ್ಪಲಿ ಹುಡುಕಿಕೊಂಡು ಏಳುತ್ತಿದ್ದರು. ಕಥೆಗೆ ಬಾಗಿಲು ಹಾಕುವುದಷ್ಟೇ ಕೊನೆಯ ಶಾಟ್‌ನ ಕೆಲಸ. ಆದರೆ ಬಾಗಿಲು ಹಾಕದೆ, ನೋಡುತ್ತ ಕೂತವರ ಕಡೆಗೇ ತಿರುಗಿಬಿಡುವ ಕೊನೆಯ ಶಾಟ್‌ಗಳೂ ಇವೆ. ಅವುಗಳ ಚರಿತ್ರೆ ಹೆಚ್ಚುಕಡಿಮೆ ಸಿನಿಮಾದಷ್ಟೇ ಹಳೆಯದು.

1903ರಲ್ಲಿ ಎಡಿಸನ್ ಕಂಪನಿಗಾಗಿ ಎಡ್ವಿನ್ ಪೋರ್ಟರ್ ‘ದಿ ಗ್ರೇಟ್ ಟ್ರೈನ್ ರಾಬರಿ’ ತೆಗೆದ. ಸುಮಾರು 12 ನಿಮಿಷದ ಮೂಕಿ ಚಿತ್ರ. ಅದರಲ್ಲಿ ಒಬ್ಬ ದರೋಡೆಕೋರ ನೇರವಾಗಿ ಕ್ಯಾಮೆರಾಕ್ಕೆ ಗುಂಡು ಹಾರಿಸುತ್ತಾನೆ. ತಮಾಷೆಯೆಂದರೆ, ಈ ಶಾಟ್‌ಗೂ ಕಥೆಗೂ ಸಂಬಂಧವಿಲ್ಲ. ಬೇಕಾದರೆ ಮೊದಲಿಗೆ ತೋರಿಸಿ, ಬೇಕಾದರೆ ಕೊನೆಗೆ ತೋರಿಸಿ ಎಂದು ಪ್ರದರ್ಶಕರಿಗೇ ಬಿಟ್ಟಿದ್ದರು. ಜನರನ್ನು ಬೆಚ್ಚಿಬೀಳಿಸುವ ಜಾತ್ರೆಯ ಆಟ ಅದು, ಅಷ್ಟೆ.

ಆ ನೇರನೋಟಕ್ಕೆ ತೂಕ ಬಂದದ್ದು 1959ರಲ್ಲಿ, ಫ್ರಾನ್ಸಿನ ತ್ರೂಫೊ ತೆಗೆದ ‘ದಿ 400 ಬ್ಲೋಸ್’ ಚಿತ್ರದಲ್ಲಿ. ಮನೆಗೂ ಶಾಲೆಗೂ ಬೇಡವಾದ ಹುಡುಗ ಆಂತ್ವಾನ್, ಬಾಲಾಪರಾಧಿಗಳ ಕೇಂದ್ರದಿಂದ ತಪ್ಪಿಸಿಕೊಂಡು ಓಡುತ್ತಾನೆ. ಕ್ಯಾಮೆರಾ ಅವನ ಜೊತೆಜೊತೆಗೇ ಓಡುತ್ತದೆ. ಕೊನೆಗೆ ಸಮುದ್ರ. ನೀರಿಗೆ ಕಾಲಿಟ್ಟು ತಿರುಗುತ್ತಾನೆ, ನಮ್ಮನ್ನು ನೋಡುತ್ತಾನೆ, ಚಿತ್ರ ಅಲ್ಲೇ ಹೆಪ್ಪುಗಟ್ಟುತ್ತದೆ. ಮುಂದೆಲ್ಲಿಗೆ ಹೋದ? ಸಿಕ್ಕಿಬಿದ್ದನೇ? ಉತ್ತರವಿಲ್ಲ. ಆಮೇಲೆ ಎಷ್ಟೋ ನಿರ್ದೇಶಕರು ಕೊನೆಯ ಚಿತ್ರವನ್ನು ಹೀಗೆ ನಿಲ್ಲಿಸಿದರು. ಬಹಳ ಸಲ ಅದು ಬರೀ ಚಟವಾಯಿತು.

ನಮ್ಮಲ್ಲಿಗೆ ಬಂದರೆ 1977ರ ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, ಸ್ವರ್ಣಕಮಲ ಪಡೆದದ್ದು. ವಿಧವೆ ಯಮುನಕ್ಕ ಬಸುರಾದಳೆಂದು ಅಪ್ಪನೇ, ಬದುಕಿರುವ ಮಗಳ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾನೆ. ಅವಳನ್ನು ಹಚ್ಚಿಕೊಂಡಿದ್ದ ವೇದಪಾಠಶಾಲೆಯ ಪುಟ್ಟ ಹುಡುಗ ನಾಣಿ. ಊರಿಗೆ ಕರೆದೊಯ್ಯಲು ಅವನ ಅಪ್ಪ ಬರುತ್ತಾನೆ. ಹೋಗುವ ದಾರಿಯಲ್ಲಿ ತಲೆ ಬೋಳಿಸಿದ ಯಮುನಕ್ಕ ಮರದ ಬುಡದಲ್ಲಿ ಒಂಟಿಯಾಗಿ ಕೂತಿರುವುದು ಕಾಣುತ್ತದೆ. ಹುಡುಗ ಏನೂ ಮಾಡಲಾರ. ಅಪ್ಪನ ಹಿಂದೆ ನಡೆಯಬೇಕು, ಅಷ್ಟೆ. ನಾವೂ ಅವನ ಕಣ್ಣಿನಿಂದಲೇ ನೋಡಿರುತ್ತೇವೆ, ಅವನಷ್ಟೇ ಅಸಹಾಯಕರಾಗಿ. ಆ ಅಸಹಾಯಕತೆಯಲ್ಲಿ ಒಂದು ರಿಯಾಯಿತಿಯೂ ಇದೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ: ಮಗುವಿನ ಜೊತೆ ನಿಂತರೆ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಹಾಗೆ ಅನ್ನಿಸಿದ್ದು ನಾಗರಾಜ್ ಮಂಜುಳೆಯವರ ಮರಾಠಿ ಚಿತ್ರ ‘ಫಂದ್ರಿ’ (2013) ನೋಡಿದ ಮೇಲೆ. ಕೈಕಾಡಿ ಜನರ ಮಾತಿನಲ್ಲಿ ಫಂದ್ರಿ ಎಂದರೆ ಹಂದಿ. ಅದು ದ್ರಾವಿಡ ನುಡಿ, ಹಾಗಾಗಿ ಆ ಪದ ನಮ್ಮ ಕಿವಿಗೆ ಪರಕೀಯವಲ್ಲ. ಜಬ್ಯಾ ಓದುವ ಹುಡುಗ. ಆದರೂ ಶಾಲೆಯ ಹತ್ತಿರವೇ, ಸಹಪಾಠಿಗಳೂ ತಾನು ಮೆಚ್ಚಿದ ಶಾಲೂ ನೋಡಿ ನಗುತ್ತಿರುವಾಗಲೇ, ಮನೆಯವರ ಜೊತೆ ಹಂದಿ ಹಿಡಿಯಬೇಕು. ಇನ್ನೇನು ಸಿಕ್ಕಿತು ಎನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಜಬ್ಯಾ ನೆಟ್ಟಗೆ ನಿಲ್ಲುತ್ತಾನೆ, ಮನೆಯವರೂ ನಿಲ್ಲುತ್ತಾರೆ. ಹಂದಿ ತಪ್ಪಿಸಿಕೊಳ್ಳುತ್ತದೆ. ಕೊನೆಗೂ ಹಿಡಿದು, ಕೋಲಿಗೆ ಕಟ್ಟಿ ಹೊತ್ತೊಯ್ಯುವಾಗ ಹಿಂದಿನ ಗೋಡೆಯ ಮೇಲೆ ಅಂಬೇಡ್ಕರ್ ಚಿತ್ರ. ಊರ ಪುಂಡರ ಗೇಲಿ ನಿಲ್ಲುವುದಿಲ್ಲ. ಜಬ್ಯಾ ಕಲ್ಲು ಬೀರತೊಡಗುತ್ತಾನೆ. ಕೊನೆಯ ಕಲ್ಲು ನೇರವಾಗಿ ಕ್ಯಾಮೆರಾಕ್ಕೆ. ಪರದೆ ಕಪ್ಪು.

1903ರ ಗುಂಡಿಗೂ ಈ ಕಲ್ಲಿಗೂ ತಂತ್ರ ಒಂದೇ. ಆದರೆ ಗುಂಡನ್ನು ಎಲ್ಲಿಗೆ ಬೇಕಾದರೂ ಅಂಟಿಸಬಹುದಿತ್ತು. ಈ ಕಲ್ಲನ್ನು ಇನ್ನೆಲ್ಲಿಗೂ ಸರಿಸಲಾಗದು, ಅದರ ಹಿಂದೆ ಇಡೀ ಸಿನಿಮಾದ ಅವಮಾನವಿದೆ. ನಾಣಿಯ ಜೊತೆ ನಿಲ್ಲಲು ಜಾಗ ಕೊಟ್ಟಿದ್ದ ಸಿನಿಮಾ, ಇಲ್ಲಿ ನಮ್ಮನ್ನು ನಗುತ್ತಿದ್ದವರ ಗುಂಪಿನಲ್ಲಿ ನಿಲ್ಲಿಸುತ್ತದೆ. ‘ಘಟಶ್ರಾದ್ಧ’ ಸಣ್ಣದೆಂದು ಹೇಳುತ್ತಿಲ್ಲ. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು, ಯಮುನಕ್ಕ ಇನ್ನೂ ಕಾಡುತ್ತಾಳೆ. ಆದರೆ ಅದು ಅಗ್ರಹಾರದ ಒಳಗಿನ ಹುಡುಗನ ನೋಟ, ಇದು ಊರಾಚೆಯ ಹುಡುಗನದು.

ಹಳ್ಳಿಗೆ ವರದಿಗೆ ಹೋದಾಗ ನಾವು ಜನರಿಗೆ ಮೊದಲು ಹೇಳುವ ಮಾತು, “ಕ್ಯಾಮೆರಾ ನೋಡಬೇಡಿ, ನನ್ನ ಕಡೆ ನೋಡಿ ಮಾತಾಡಿ.” ಹಾಗೆಯೇ ನಮಗೆ ಕಲಿಸಿದ್ದಾರೆ, ಫ್ರೇಮು ಚೆನ್ನಾಗಿ ಬರುತ್ತದೆಂದು. ‘ಫಂದ್ರಿ’ ನೋಡಿದ ಮೇಲೆ ಆ ಮಾತು ಹೇಳುವಾಗಲೆಲ್ಲ ನಾಲಿಗೆ ಸ್ವಲ್ಪ ತಡವರಿಸುತ್ತದೆ.