ಚೇಳಿನ ವಿಷ: ಜನಪದ ಚಿಕಿತ್ಸೆ ಮತ್ತು ಪೊಟ್ಯಾಸಿಯಂ ಕಾಲುವೆಯ ಚರಿತ್ರೆ

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಂತಹ ಒಕ್ಕಲುತನದ ಊರುಗಳಲ್ಲಿ ಕಟ್ಟಿಗೆಯ ಒಟ್ಟು, ಕುಳ್ಳಿನ ರಾಶಿ, ಕಲ್ಲುಗೋಡೆಯ ಸಂದುಗಳು ಚೇಳಿಗೆ ಆಶ್ರಯತಾಣಗಳು. ಚೇಳಿನ ಭಯವು ಕನ್ನಡ ಜನಪದದಲ್ಲಿ ಆರಾಧನೆಯಾಗಿಯೂ ಚಿಕಿತ್ಸೆಯಾಗಿಯೂ ರೂಪು ತಳೆದಿದೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಪೂಜೆಗೊಳ್ಳುತ್ತಾಳೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರ ಪಂಚಮಿಯಂದು ಭಕ್ತರು ಕಲ್ಲುಗಳನ್ನೆತ್ತಿ ಚೇಳುಗಳನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಮಂತ್ರ ಹಾಕುವುದು, ಉತ್ತರಾಣಿಯನ್ನು ಅರೆದು ಹಚ್ಚುವುದು, ಹುಣಸೆಬೀಜವನ್ನು ತೇಯ್ದು ಕಡಿದ ಜಾಗಕ್ಕೆ ಅಂಟಿಸುವುದು ಚಿಕಿತ್ಸೆಯ ಪರಿಚಿತ ಕ್ರಮಗಳು.

ಈ ಕ್ರಮಗಳ ಹಿಂದಿನ ಪರಿಭಾಷೆ ಗಮನಾರ್ಹವಾದುದು. ವಿಷ 'ಏರುತ್ತದೆ', ಮಂತ್ರ ಅದನ್ನು 'ಇಳಿಸುತ್ತದೆ'. ಏರಿಳಿತವನ್ನು ಅಳೆಯುವ ಮಾನದಂಡ ನೋವು. ನೋವು ತಗ್ಗಿದರೆ ವಿಷ ಇಳಿಯಿತೆಂದೇ ಅರ್ಥ. ಈ ಮಾನದಂಡ ಎಷ್ಟು ನಂಬಲರ್ಹ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಉತ್ತರಕ್ಕಾಗಿ ವಿಷವು ದೇಹದಲ್ಲಿ ಮಾಡುವ ಕೆಲಸವನ್ನು ಅರಿಯಬೇಕು.

ನರದಲ್ಲಿ ಸಂಕೇತ ಹರಿಯುವಾಗ ಸೋಡಿಯಂ ಅಯಾನುಗಳು ಕೋಶದ ಒಳಗೆ ನುಗ್ಗುತ್ತವೆ. ಬಳಿಕ ಪೊಟ್ಯಾಸಿಯಂ ಅಯಾನುಗಳು ಹೊರಹರಿದು ನರವನ್ನು ಮೊದಲಿನ ಸ್ಥಿತಿಗೆ ತರುತ್ತವೆ. ಇದನ್ನು 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ವಿವರಿಸಿದರು. ಪೊಟ್ಯಾಸಿಯಂನ ಹಾದಿ ಎಂದರೆ ಕೋಶದ ಪೊರೆಯಲ್ಲಿನ ಪ್ರೋಟೀನ್ ಕಾಲುವೆ. ಪೊರೆಯ ವೋಲ್ಟೇಜ್ ಬದಲಾದಾಗ ಅದರ ಬಾಗಿಲು ತೆರೆಯುತ್ತದೆ. ಮೆಕ್ಸಿಕೋದ ಒಂದು ಚೇಳಿನ ವಿಷ ಈ ಹರಿವನ್ನು ತಡೆಯುತ್ತದೆಂಬುದು 1982ರಲ್ಲಿ ತಿಳಿಯಿತು. ನಮ್ಮ ನಾಡಿನಲ್ಲಿಯೂ ಇರುವ ಕೆಂಪು ಚೇಳಿನ ವಿಷದಿಂದ 1990ರಲ್ಲಿ ಐಬೀರಿಯೋಟಾಕ್ಸಿನ್ ಎಂಬ ಅಂಶವನ್ನು ಬೇರ್ಪಡಿಸಲಾಯಿತು. ಅದು 37 ಅಮೈನೋ ಆಮ್ಲಗಳ ಚಿಕ್ಕ ಸರಣಿ. ಈ ಬಗೆಯ ವಿಷಗಳು ಕಾಲುವೆಯ ಹೊರಬಾಯಿಗೆ ಬಿರಡೆಯಂತೆ ಕೂರುತ್ತವೆ. ವಿಷದ ಒಂದು ಲೈಸೀನ್‌ನ ಧನಾವೇಶದ ತುದಿ, ಪೊಟ್ಯಾಸಿಯಂ ಹಾಯಬೇಕಾದ ರಂಧ್ರಕ್ಕೇ ಚಾಚಿಕೊಳ್ಳುತ್ತದೆ.

ಹರಿವು ನಿಂತರೆ ನರದ ಉದ್ರೇಕ ಬೇಗ ಶಮನವಾಗದು. ಸೋಡಿಯಂ ಕಾಲುವೆಯನ್ನು ಮುಚ್ಚಗೊಡದ ಇತರ ಅಂಶಗಳೂ ಅದೇ ವಿಷದಲ್ಲಿವೆ. ಇವೆರಡೂ ಕೂಡಿ ನರತುದಿಗಳಿಂದ ಅಡ್ರಿನಲಿನ್ ಬಗೆಯ ರಾಸಾಯನಿಕಗಳು ಮಿತಿಮೀರಿ ಹೊರಬೀಳುತ್ತವೆ. ವಾಂತಿ, ವಿಪರೀತ ಬೆವರು, ಕೈಕಾಲು ತಣ್ಣಗಾಗುವಿಕೆ ಇದರ ಮುನ್ಸೂಚನೆಗಳು. ಕೊನೆಗೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಕ್ಕಳಿಗೆ ಅಪಾಯ ಹೆಚ್ಚು.

ಮಂತ್ರಕ್ಕೆ ಕೀರ್ತಿ ಬಂದ ಬಗೆ ಇಲ್ಲಿ ಸ್ಪಷ್ಟವಾಗುತ್ತದೆ. ದೊಡ್ಡ ಕರಿಚೇಳು ಕಡಿದರೆ ನೋವು ಉಂಟು, ಸಾವು ಬಲು ಅಪರೂಪ. ಕೆಂಪು ಚೇಳು ಕಡಿದವರಲ್ಲಿಯೂ ಅನೇಕರು ನೋವುಂಡು ಚೇತರಿಸಿಕೊಳ್ಳುತ್ತಾರೆ. ತಾನಾಗಿಯೇ ಇಳಿಯುವ ನೋವನ್ನು ಮಂತ್ರ ಇಳಿಸಿತೆಂದು ಸಮುದಾಯ ನೆನಪಿಟ್ಟುಕೊಂಡಿತು. ಆದರೆ ನೋವು ಕಡಿಮೆಯಿದ್ದ ಮಾತ್ರಕ್ಕೆ ಜೀವಾಪಾಯ ಕಡಿಮೆಯೆನ್ನಲಾಗದು. ನೋವು ಕಡಿದ ಜಾಗದ್ದು, ಅಪಾಯ ಹೃದಯದ್ದು.

ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಹಳ್ಳಿಯ ರೋಗಿಗಳ ನಡುವೆಯೇ ಅಧ್ಯಯನ ನಡೆಸಿ, 1980ರ ದಶಕದಲ್ಲಿ ಪ್ರಜೋಸಿನ್ ಮಾತ್ರೆಯನ್ನು ಬಳಕೆಗೆ ತಂದರು. ಅದು ಕಾಲುವೆಯ ಬಿರಡೆಯನ್ನು ಕೀಳುವುದಿಲ್ಲ. ಹೊರಚೆಲ್ಲಿದ ರಾಸಾಯನಿಕಗಳು ರಕ್ತನಾಳಗಳ ಮೇಲೆ ಎರಗದಂತೆ ತಡೆಯುತ್ತದೆ. ಗಂಭೀರ ರೋಗಿಗಳಲ್ಲಿ ಶೇಕಡಾ 25ರಿಂದ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ರ ಆಸುಪಾಸಿಗೆ ಇಳಿಯಿತು. ಪ್ರಜೋಸಿನ್ ಜೊತೆಗೆ ವಿಷನಿರೋಧಕ ಚುಚ್ಚುಮದ್ದನ್ನೂ ಕೊಟ್ಟರೆ ಚೇತರಿಕೆ ತ್ವರಿತವೆಂಬುದು 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿದುಬಂತು.

ಪೊಟ್ಯಾಸಿಯಂ ಕಾಲುವೆಯನ್ನು ತಡೆಯುವುದು ಸದಾ ಕೇಡೇ ಅಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ನಡಿಗೆಯನ್ನು ಸುಧಾರಿಸಲು ಅಮೆರಿಕದಲ್ಲಿ 2010ರಲ್ಲಿ ಮನ್ನಣೆ ಪಡೆದ 4-ಅಮೈನೋಪಿರಿಡಿನ್ ಇದೇ ಕೆಲಸವನ್ನು ಅಳತೆಯಲ್ಲಿ ಮಾಡುತ್ತದೆ.

ಮಂತ್ರ, ಆರಾಧನೆಗಳನ್ನು ದಾಖಲಿಸುವುದು ಜಾನಪದ ಅಧ್ಯಯನದ ಕರ್ತವ್ಯ. ಅವು ಭಯಗೊಂಡವರಿಗೆ ಧೈರ್ಯ ನೀಡಿದ ಸಂಗತಿಯೂ ಚರಿತ್ರೆಯೇ. ಆದರೆ ಬೆವರಿ, ವಾಂತಿ ಮಾಡಿಕೊಂಡು, ಕೈಕಾಲು ತಣ್ಣಗಾದ ಮಗುವಿನ ಪಾಲಿಗೆ ಮಂತ್ರ ಮುಗಿಯುವವರೆಗಿನ ಕಾಲವೇ ಪ್ರಾಣಾಂತಕವಾಗಬಲ್ಲದು. ಅಂತಹ ಮಗುವನ್ನು ಮೊದಲು ಆಸ್ಪತ್ರೆಗೆ ಒಯ್ಯಬೇಕು ಎಂಬ ಮಾತನ್ನು ನಮ್ಮ ಸಂಗ್ರಹಗಳ ಟಿಪ್ಪಣಿಗಳೂ ಹೇಳಬೇಕಾಗಿದೆ.